ಹತ್ತೊಂಬತ್ತು ಅಡ್ಮಿನ್‌ಗಳ ಒಂದೇ ಕಂಪ್ಯೂಟರ್

ತನ್ನ ಮೇಲಿನ ನೋಟಿಸನ್ನು ತಾನೇ ಟೈಪ್ ಮಾಡಿ, ತಾನೇ ಪ್ರಿಂಟ್ ತೆಗೆದು, ತಾನೇ ಸಹಿ ಹಾಕಿ ಪಡೆದುಕೊಂಡ ನೌಕರಳನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಾನು ನೋಡಿದ್ದೇನೆ. ಎರಡು ತಿಂಗಳ ಹಿಂದೆ, ಬೆಟಗೇರಿಯ ನಮ್ಮ ನೇಕಾರರ ಸಂಘದ ಕಚೇರಿಯಲ್ಲಿ, ಹಾಡಹಗಲು. ಅಧ್ಯಕ್ಷರು ಬರೆದುಕೊಟ್ಟ ಕರಡಿನಲ್ಲಿ ಒಂದು ವಾಕ್ಯ ಅರ್ಧಕ್ಕೇ ನಿಂತಿತ್ತು. ಅದನ್ನೂ ಆಕೆಯೇ ಪೂರ್ತಿ ಮಾಡಿದಳು.

ಆಕೆ ಸುಮಂಗಲಾ. ಸಂಘದ ಏಕೈಕ ಕ್ಲರ್ಕ್. ತವರು ಬೆಟಗೇರಿಯ ಮಗ್ಗದ ಮನೆ, ಗಂಡನ ಊರು ಹರ್ತಿ. ದಿನಾ ಬೆಳಿಗ್ಗೆ ಹರ್ತಿಯಿಂದ ಬಸ್ಸು ಹಿಡಿದು ಬಂದು ಕಚೇರಿಯ ಬಾಗಿಲು ತೆಗೆಯುತ್ತಾಳೆ, ಕಸ ಹೊಡೆಯುತ್ತಾಳೆ, ನೇಕಾರರ ಗುರುತಿನ ಚೀಟಿಯ ಅರ್ಜಿ ತುಂಬುತ್ತಾಳೆ, ಪತ್ರಗಳಿಗೆ ಉತ್ತರ ಬರೆಯುತ್ತಾಳೆ. ಉಳಿದ ಕೆಲಸವನ್ನೆಲ್ಲ ಪದಾಧಿಕಾರಿಗಳು ನೋಡಿಕೊಳ್ಳುತ್ತಾರೆ. (ಉಳಿದ ಕೆಲಸ ಏನೆಂದು ನನಗೂ ಗೊತ್ತಿಲ್ಲ.)

ನಾನು ಈ ಸಂಘದ ಗೌರವ ಸಲಹೆಗಾರ. ನಮ್ಮಪ್ಪ ಇಲ್ಲಿಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವರು. ನಾನು ಕುರ್ಚಿಯಲ್ಲಿ ಕೂತು ಮಾಸ್ತರಿಕೆ ಮಾಡಿ ನಿವೃತ್ತನಾದವನು. ಸಂಘಕ್ಕೆ ಸೇರಿ ಆರು ವರ್ಷವಾಯಿತು, ಈವರೆಗೆ ಯಾರೂ ನನ್ನ ಸಲಹೆ ಕೇಳಿಲ್ಲ. ಆ ಮಟ್ಟಿಗೆ ಗೌರವವನ್ನು ಚೆನ್ನಾಗಿಯೇ ಕಾಪಾಡಿದ್ದಾರೆ.

ಕಥೆ ಶುರುವಾಗಿದ್ದು ಕಂಪ್ಯೂಟರ್ ಬಂದ ದಿನ. ಊರಿನ ದಾನಿಯೊಬ್ಬರು ಸಂಘಕ್ಕೆ ಒಂದು ಡೆಸ್ಕ್‌ಟಾಪ್ ಕೊಟ್ಟರು. ಪೂಜೆಯಾಯಿತು, ಮಾನಿಟರಿಗೆ ಮಾಲೆ ಬಿತ್ತು, ಸಿಪಿಯು ಮೇಲೆ ಕಾಯಿ ಒಡೆಯಲು ಹೋದವರನ್ನು ಅಂಗಡಿಯಿಂದ ಬಂದಿದ್ದ ಮೆಕ್ಯಾನಿಕ್ ಕೈಹಿಡಿದು ತಡೆದ. ಎಲ್ಲ ಮುಗಿದ ಮೇಲೆ ಆತ ಕೂತು ಕೇಳಿದ, “ಅಡ್ಮಿನಿಸ್ಟ್ರೇಟರ್ ಯಾರನ್ನ ಮಾಡ್ಲಿರಿ?”

“ಅಂದ್ರ?” ಎಂದರು ಅಧ್ಯಕ್ಷರು.

“ಅಂದ್ರ ಈ ಕಂಪ್ಯೂಟರಿಗೆ ಮಾಲಕ ಇದ್ದಂಗ್ರಿ. ಹೊಸಾ ಸಾಫ್ಟ್‌ವೇರ್ ಹಾಕೂದು, ತಗಿಯೂದು, ಯಾರನ್ನ ಒಳಗ ಬಿಡಬೇಕು, ಯಾರನ್ನ ಬಿಡಬಾರದು, ಎಲ್ಲಾ ಅವರ ಕೈಯಾಗ. ಉಳದವ್ರು ಸ್ಟ್ಯಾಂಡರ್ಡ್ ಯೂಸರ್. ಅವ್ರು ಕೆಲಸ ಮಾಡಬಹುದು, ಆದ್ರ ಏನೂ ಬದಲಿ ಮಾಡಾಕ ಬರೂದಿಲ್ಲ. ಅಡ್ಮಿನ್ ಒಬ್ಬರಿದ್ರ ಸಾಕ್ರಿ. ಭಾಳ ಆದ್ರ ಇಬ್ಬರು.”

‘ಸ್ಟ್ಯಾಂಡರ್ಡ್’ ಎಂಬ ಮಾತು ಯಾರಿಗೂ ಹಿಡಿಸಲಿಲ್ಲ.

“ಬರೇ ಕೆಲಸ ಮಾಡಾಕ ನಾವು ಆರಿಸಿ ಬಂದೇವೇನು?” ಎಂದರು ಖಜಾಂಚಿ.

ಅಲ್ಲಿಗೆ ತೀರ್ಮಾನವಾಯಿತು. ಅಧ್ಯಕ್ಷರು ಅಡ್ಮಿನ್. ಉಪಾಧ್ಯಕ್ಷರು ಅಡ್ಮಿನ್. ಕಾರ್ಯದರ್ಶಿ, ಸಹ ಕಾರ್ಯದರ್ಶಿ, ಖಜಾಂಚಿ ಅಡ್ಮಿನ್. ನಿರ್ದೇಶಕರೆಲ್ಲ ಅಡ್ಮಿನ್. ಹಿಂದಿನ ಅಧ್ಯಕ್ಷರ ಮನಸ್ಸಿಗೆ ನೋವಾಗಬಾರದೆಂದು ಅವರನ್ನೂ ‘ಮಾಜಿ’ ಎಂದು ಹಾಕಿ ಅಡ್ಮಿನ್ ಮಾಡಲಾಯಿತು. ಗೌರವ ಸಲಹೆಗಾರನೂ ಅಡ್ಮಿನ್. ನಾನು ಬೇಡ ಎನ್ನಲಿಲ್ಲ. ಯಾಕೆ ಎನ್ನಲಿ? ಶಿರಹಟ್ಟಿಯ ನನ್ನ ಗೆಳೆಯನೊಬ್ಬ ತನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಮೂರು ಗ್ರೂಪಿನ ಅಡ್ಮಿನ್’ ಎಂದು ಹಾಕಿಸಿಕೊಂಡಿದ್ದಾನೆ. ನನಗೂ ಆಸೆ ಇರುವುದಿಲ್ಲವೇ?

ಚಹಾದ ತಟ್ಟೆ ಹಿಡಿದು ನಿಂತಿದ್ದ ಸುಮಂಗಲಾ ಮೆಲ್ಲಗೆ ಕೇಳಿದಳು, “ನನಗೂ ಒಂದು ಮಾಡ್ಸಿ ಕೊಡ್ರಿ. ನಾಳೆ ಸ್ಕ್ಯಾನರ್ ಬಂತಂದ್ರ ಬೇಕಾಗ್ತೈತಿ.”

ಅಧ್ಯಕ್ಷರು ನಿಜವಾದ ಪ್ರೀತಿಯಿಂದಲೇ ಹೇಳಿದರು, “ನಿನಗ್ಯಾಕವಾ ಆ ತಲಿಬ್ಯಾನಿ? ನೀ ಕೆಲಸ ಮಾಡ್ಕೋತ ಇರು, ಸಾಕು.”

ಹೀಗೆ ಒಂದು ಕಂಪ್ಯೂಟರಿಗೆ ಹದಿನೆಂಟು ಮಂದಿ ಮಾಲೀಕರಾದರು. ಕಂಪ್ಯೂಟರ್ ಬರುತ್ತಿದ್ದ ಒಬ್ಬಳು ಸ್ಟ್ಯಾಂಡರ್ಡ್ ಯೂಸರ್ ಆದಳು.

ನಮ್ಮ ಕಡೆಯ ಆಮಂತ್ರಣ ಪತ್ರಿಕೆಗಳನ್ನು ನೀವು ನೋಡಿದ್ದೀರಿ. ಕಾರ್ಯಕ್ರಮ ಒಂದು ತಾಸಿನದಾದರೆ ಕಾರ್ಡು ಓದಲು ಎರಡು ತಾಸು ಬೇಕು. ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿ, ಅತಿಥಿ, ಉಪಸ್ಥಿತಿ, ವಿಶೇಷ ಉಪಸ್ಥಿತಿ. ಯಾರ ಹೆಸರು ಯಾರ ಮೇಲೆ, ಯಾರ ಫೋಟೋ ಎಷ್ಟು ದೊಡ್ಡದು ಎಂಬುದರ ಮೇಲೆ ಸ್ನೇಹಗಳು ಉಳಿದಿವೆ, ಮುರಿದಿವೆ. ನಮ್ಮ ಪದಾಧಿಕಾರಿಗಳು ದಿನಪತ್ರಿಕೆ ಓದುವುದೂ ಇದೇ ಕ್ರಮದಲ್ಲಿ. ಬೆರಳನ್ನು ಮೇಲಿನಿಂದ ಕೆಳಗೆ ಓಡಿಸುತ್ತಾರೆ. ತಮ್ಮ ಹೆಸರು ಸಿಕ್ಕರೆ ಓದು, ಸಿಗದಿದ್ದರೆ ಮಡಿಸಿ ಇಡು. ನನ್ನ ಈ ಅಂಕಣವನ್ನು ಅವರಲ್ಲಿ ಒಬ್ಬರೂ ಇದುವರೆಗೆ ಓದಿಲ್ಲ.

ಇಂಥವರ ಕಣ್ಣಿಗೆ ಕಂಪ್ಯೂಟರಿನ ಲಾಗಿನ್ ಪರದೆ ಹೇಗೆ ಕಂಡಿರಬೇಕು ಹೇಳಿ! ಕರೆಂಟು ಹಾಕಿದ ಕೂಡಲೇ ಎಡಗಡೆ ಸಾಲಾಗಿ ಹೆಸರು, ಪ್ರತಿ ಹೆಸರಿನ ಪಕ್ಕ ಗುಂಡಗೆ ಫೋಟೋ. ಒಬ್ಬರು ರುಮಾಲು ಸುತ್ತಿದ ಫೋಟೋ ಹಾಕಿಸಿದರು. ಇನ್ನೊಬ್ಬರು ಸನ್ಮಾನ ಸ್ವೀಕರಿಸುತ್ತಿರುವ ಫೋಟೋ ಹಾಕಿಸಿದರು. ಗುಂಡಗೆ ಕತ್ತರಿಸುವಾಗ ಸನ್ಮಾನ ಮಾಡಿದವರು ಹೋಗಿ ಶಾಲು ಮಾತ್ರ ಉಳಿಯಿತು. ಖಜಾಂಚಿಯವರು ಇಪ್ಪತ್ತು ವರ್ಷದ ಹಿಂದಿನ ಮೀಸೆಯ ಫೋಟೋ ತಂದರು. ಎಲ್ಲವನ್ನೂ ಸ್ಕ್ಯಾನ್ ಮಾಡಿಸಿಕೊಂಡು ಬಂದು ಹಾಕಿಕೊಟ್ಟವಳು ಸುಮಂಗಲಾ.

ಒಂದೇ ಒಂದು ತೊಂದರೆ. ಕಂಪ್ಯೂಟರಿಗೆ ನಮ್ಮ ಶಿಷ್ಟಾಚಾರ ಗೊತ್ತಿರಲಿಲ್ಲ. ಹಿಂದಿನ ಸಲ ಕೊನೆಗೆ ಕೆಲಸ ಮಾಡಿದವರು ಯಾರೋ ಅವರ ಫೋಟೋವನ್ನು ಅದು ಪರದೆಯ ನಟ್ಟನಡುವೆ ದೊಡ್ಡದಾಗಿ ತೋರಿಸುತ್ತದೆ. ಉಳಿದವರೆಲ್ಲ ಮೂಲೆಯಲ್ಲಿ ಸಣ್ಣಗೆ. ಕೆಲಸ ಮಾಡುತ್ತಿದ್ದವಳು ಒಬ್ಬಳೇ ಆದ್ದರಿಂದ ದಿನಾ ಬೆಳಿಗ್ಗೆ ನಟ್ಟನಡುವೆ ಸುಮಂಗಲಾ.

ಅಧ್ಯಕ್ಷರು ಒಂದು ದಿನ ಲಕ್ಷ್ಮೇಶ್ವರದಿಂದ ಬಂದ ಬೀಗರಿಗೆ ಕಂಪ್ಯೂಟರ್ ತೋರಿಸಲು ಕರೆತಂದರು. ಬೀಗರು ಪರದೆ ನೋಡಿ ಕೇಳಿದರು, “ಇವ್ರು ಏನ್ರಿ ನಿಮ್ಮ ಸಂಘದ ಅಧ್ಯಕ್ಷರು?”

ಅಂದಿನಿಂದ ಹೊಸ ಪದ್ಧತಿ ಬಂತು. ಸಂಜೆ ಐದೂವರೆಗೆ ಸುಮಂಗಲಾ ಕೆಲಸ ಮುಗಿಸಿ ಹೊರಗೆ ಬರಬೇಕು. ಆಗ ಅಧ್ಯಕ್ಷರು ಬಂದು, ಜೇಬಿನ ಡೈರಿ ತೆಗೆದು, ಕನ್ನಡಕ ಏರಿಸಿ, ಒಂದೇ ಬೆರಳಲ್ಲಿ ಪಾಸ್‌ವರ್ಡ್ ಹೊಡೆದು ಒಳಗೆ ಹೋಗಬೇಕು. ಹೋಗಿ ಏನು ಮಾಡಬೇಕು? ಬಂದ್ ಮಾಡಬೇಕು. ಅಷ್ಟೇ. ಮರುದಿನ ಬೆಳಿಗ್ಗೆ ಪರದೆಯ ನಡುವೆ ಅವರಿರುತ್ತಾರೆ. ದೇವರ ಮುಂದೆ ಸಂಜೆ ದೀಪ ಹಚ್ಚುವುದು ತಪ್ಪೀತು, ಇದು ತಪ್ಪುತ್ತಿರಲಿಲ್ಲ.

ಈ ನಡುವೆ ಸುಮಂಗಲಾ ಏನು ಮಾಡುತ್ತಿದ್ದಳು? ಯಾರೂ ಹೇಳದ ಒಂದು ಕೆಲಸ ಮಾಡುತ್ತಿದ್ದಳು.

ಬೆಟಗೇರಿಯ ಹಳೆಯ ಮಗ್ಗದ ಮನೆಗಳಲ್ಲಿ ಸೀರೆಯ ಅಂಚಿನ ನಕ್ಷೆಗಳಿವೆ. ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕದ ಮನೆ ತುಂಬಿ ಬರೆದವು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬ ಲೆಕ್ಕ ಅದರಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಮಗ್ಗ ಹೋಗಿ ಹಾಳೆ ಮಾತ್ರ ಉಳಿದಿದೆ; ಟ್ರಂಕಿನ ತಳದಲ್ಲಿ, ಗೆದ್ದಲಿನ ಬಾಯಲ್ಲಿ. ಸುಮಂಗಲಾ ಮನೆ ಮನೆಗೆ ಹೋಗಿ ಅವನ್ನು ಕೇಳಿ ತಂದು, ಸ್ಕ್ಯಾನ್ ಮಾಡಿ, ಯಾರ ಮನೆಯದು, ಯಾವ ಅಂಚು ಎಂದು ಹೆಸರು ಬರೆದು, ಹಾಳೆಗಳನ್ನು ವಾಪಸ್ ಕೊಡುತ್ತಿದ್ದಳು. ಎರಡು ವರ್ಷದಲ್ಲಿ ಮುನ್ನೂರು ದಾಟಿತ್ತು. ನಮ್ಮಪ್ಪ ನೇಯುತ್ತಿದ್ದ ಅಂಚನ್ನು ನಾನು ನಲವತ್ತು ವರ್ಷದ ನಂತರ ನೋಡಿದ್ದು ಆಕೆಯ ಪರದೆಯ ಮೇಲೆ. ಆ ದಿನ ಪರದೆಗೆ ಬೆರಳು ಹಚ್ಚಿ ಅದರ ಚೌಕಗಳನ್ನು ಒಂದೊಂದಾಗಿ ಎಣಿಸಿದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಸಂಘಕ್ಕೆ ಬಂದ ಸ್ಕ್ಯಾನರನ್ನು ಕಂಪ್ಯೂಟರಿಗೆ ಹಾಕಲು ಎಷ್ಟು ದಿನ ಹಿಡಿಯಿತು ಗೊತ್ತೇ? ಹನ್ನೊಂದು ದಿನ! ವೈರು ಸಿಕ್ಕಿಸಿದರೆ ಪರದೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು. ಸುಮಂಗಲಾ ಫೋನು ಹಚ್ಚಿದಳು. ಒಬ್ಬರು ಶಿಗ್ಲಿಯಲ್ಲಿ ಮದುವೆಯಲ್ಲಿದ್ದರು. ಒಬ್ಬರು ಅಡರಕಟ್ಟಿಯ ಹೊಲದಲ್ಲಿದ್ದರು. ಒಬ್ಬರು ಬಂದು, ಚಹಾ ಕುಡಿದು, ಪಾಸ್‌ವರ್ಡ್ ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ ಎಂದು ಎದ್ದು ಹೋದರು. “ಫೋನಿನ್ಯಾಗ ಪಾಸ್‌ವರ್ಡ್ ಹೇಳಬಾರದವಾ, ಸೆಕ್ಯುರಿಟಿ ಪ್ರಶ್ನಿ” ಎಂದರು ಇನ್ನೊಬ್ಬರು. ಅವರ ಪಾಸ್‌ವರ್ಡ್ ಅವರ ಮಗನ ಹೆಸರು. ಅದು ಇಡೀ ಓಣಿಗೆ ಗೊತ್ತು.

ನನ್ನನ್ನೂ ಕರೆದಳು. ನನಗೂ ಮರೆತಿತ್ತು. ಮರೆತರೆ ನೆನಪಾಗಲೆಂದು ಒಂದು ಸುಳಿವು ಬರೆಯಲು ಅವಕಾಶವಿರುತ್ತದೆ. ನಾನು ಬರೆದಿದ್ದ ಸುಳಿವನ್ನು ಕಂಪ್ಯೂಟರ್ ತೋರಿಸಿತು: ‘ಯಾವಾಗಿನದೇ’. (ನಗಬೇಡಿ. ನಿಮ್ಮದು ಏನಿದೆಯೋ ಒಮ್ಮೆ ನೋಡಿಕೊಳ್ಳಿ.) ಹನ್ನೊಂದನೆಯ ದಿನ ಸ್ನಾನ ಮಾಡುವಾಗ ನೆನಪಾಯಿತು. ಒದ್ದೆ ತಲೆಯಲ್ಲೇ ಸೈಕಲ್ ಏರಿ ಹೋಗಿ ಹೊಡೆದು ಬಂದೆ. ಆ ದಿನ ನನಗೆ ನಾನೇ ದೊಡ್ಡ ಅಧಿಕಾರಿಯಂತೆ ಕಂಡೆ.

ಇಲ್ಲಿಯವರೆಗೆ ಇದು ತಮಾಷೆ. ಮುಂದಿನದು ಅಲ್ಲ.

ಈ ವರ್ಷ ಸಂಘಕ್ಕೆ ಹೊಸ ಉಪಾಧ್ಯಕ್ಷರು ಬಂದರು. ಹಳೆಯವರ ಹೆಸರು ತೆಗೆಯಲಿಲ್ಲ, ‘ಮಾಜಿ’ ಸೇರಿಸಿದೆವು. ಅಂಗಡಿಯ ಮೆಕ್ಯಾನಿಕನನ್ನು ಕರೆಸಿ ಹೊಸಬರನ್ನು ಹತ್ತೊಂಬತ್ತನೆಯ ಅಡ್ಮಿನ್ ಮಾಡಿಸಿದೆವು. ಆದರೆ ಪಟ್ಟಿ ಉದ್ದವಾಗಿ ಅವರ ಹೆಸರು ಪರದೆಯ ಕೆಳಗೆ ಮರೆಯಾಯಿತು. ಮೌಸಿನಿಂದ ಸರಿಸಿದರೆ ಮಾತ್ರ ಕಾಣುತ್ತಿತ್ತು.

“ಸರಿಸಿದ್ರ ಕಾಣಸ್ತೇನಂದ್ರ ನಾನೇನ್ ಉಪಾಧ್ಯಕ್ಷನೋ, ಫೋಟೋದ ಹಿಂದಿನ ಹಲ್ಲಿಯೋ?” ಎಂದು ಅವರು ನನ್ನೆದುರು ಒಮ್ಮೆ ಸಿಡುಕಿದ್ದರು. ನಾನು ನಕ್ಕಿದ್ದೆ. ಸಲಹೆಗಾರ ಸಲಹೆ ಕೊಡಬೇಕಾಗಿದ್ದದ್ದು ಬಹುಶಃ ಆಗಲೇ.

ಒಂದು ಸೋಮವಾರ ಬೆಳಿಗ್ಗೆ ಸುಮಂಗಲಾ ಕಂಪ್ಯೂಟರ್ ಹಚ್ಚಿದಳು. ನಡುವೆ ಅಧ್ಯಕ್ಷರಿರಲಿಲ್ಲ, ಹೊಸ ಉಪಾಧ್ಯಕ್ಷರಿದ್ದರು. ಎಡಗಡೆ ಸಾಲು ನೋಡಿದಳು. ಸರಿಸಿ ನೋಡಿದಳು. ಹತ್ತೊಂಬತ್ತು ಹೆಸರಿದ್ದವು. ಆಕೆಯ ಹೆಸರಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಆಕೆ ಕುರ್ಚಿಯ ಮೇಲೆ ಕೂತಿರಲಿಲ್ಲ, ನೆಲದ ಮೇಲೆ ಕೂತಿದ್ದಳು. “ಮಾಸ್ತರ್ರ, ನನ್ನ ಖಾತೆ ತಗದಾರ್ರಿ. ಖಾತೆ ಜೋಡಿ ಒಳಗಿದ್ದದ್ದೆಲ್ಲಾ ಹೋತು” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಪ್ರತಿ ಶನಿವಾರ ಆಕೆ ನಕ್ಷೆಗಳನ್ನು ತನ್ನ ಪೆನ್‌ಡ್ರೈವಿಗೆ ಇಳಿಸಿಕೊಳ್ಳುತ್ತಿದ್ದಳು, ಯಾರಿಗೂ ಹೇಳದೆ. ಆದರೆ ಹಿಂದಿನ ಎರಡು ಶನಿವಾರ ತಂಗಿಯ ಸೀಮಂತ, ಆಮೇಲೆ ಜ್ವರ. ಆ ಎರಡು ವಾರದಲ್ಲಿ ಮಾಡಿದ್ದು ಒಂದೇ ಕಟ್ಟು; ಮಗಳ ಮನೆಯಲ್ಲಿರಲು ಮುಂಡರಗಿಗೆ ಹೋದ ಒಬ್ಬ ನೇಕಾರ ಅಜ್ಜನದು. ಒಂಬತ್ತು ಅಂಚುಗಳು.

“ಹಾಳಿ ವಾಪಸ್ ಕೊಟ್ಟೀಯಲ್ಲ? ಮತ್ತೊಮ್ಮೆ ಇಸ್ಕೊಂಡು ಬಾ” ಎಂದೆ.

ಆಕೆ ತಲೆಯಾಡಿಸಿದಳು. “ಹಾಳಿ ಇಲ್ರಿ. ಅಜ್ಜ ಹೊಳಿಗೆ ಬಿಟ್ಟ ಬಂದಾನ್ರಿ.”

ನಮ್ಮಲ್ಲಿ ಮಗ್ಗದ ಕಾಗದವನ್ನು ರದ್ದಿಗೆ ಹಾಕುವುದಿಲ್ಲ, ಒಲೆಗೂ ಹಾಕುವುದಿಲ್ಲ. ತೀರಾ ಜೀರ್ಣವಾದರೆ ದೇವರ ಹಳೆಯ ವಸ್ತ್ರದ ಜೊತೆ ನೀರಿಗೆ ಬಿಡುವ ಮನೆಗಳಿವೆ. ಹಾಳೆ ವಾಪಸ್ ಬಂದ ವಾರಕ್ಕೇ ಅಜ್ಜ ಫೋನು ಮಾಡಿ ಸಂತೋಷದಿಂದ ಹೇಳಿದ್ದನಂತೆ: “ಕಂಪ್ಯೂಟರಿನ್ಯಾಗ ಅದಾವಲ್ಲವಾ, ಇನ್ನೇನ್ ಚಿಂತಿಲ್ಲ. ತುಂಗಭದ್ರಿಗೆ ಬಿಟ್ಟ ಕೈಮುಗದು ಬಂದೆ.” ಕಂಪ್ಯೂಟರನ್ನು ಅಷ್ಟು ನಂಬಿದ್ದ. ಅದಕ್ಕೆ ಹತ್ತೊಂಬತ್ತು ಮಾಲೀಕರಿದ್ದಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ತುರ್ತು ಸಭೆ ಸೇರಿತು. ಕಂಪ್ಯೂಟರ್ ಮುಟ್ಟಿದವರು ಯಾರು? ಒಬ್ಬೊಬ್ಬರನ್ನೇ ಕೇಳಲಾಯಿತು. ಹತ್ತೊಂಬತ್ತು ಅಡ್ಮಿನ್‌ಗಳೂ ಒಂದೇ ಮಾತು ಹೇಳಿದರು: “ನಮಗ ಕಂಪ್ಯೂಟರ್ ಬರೂದಿಲ್ಲ.” (ನಾನೂ ಹೇಳಿದೆ. ನಿಜವೇ ಆಗಿತ್ತು.) ಅಧಿಕಾರ ಬೇಕಾದ ದಿನ ಇದನ್ನು ಒಬ್ಬರಾದರೂ ಹೇಳಿದ್ದರೆ?

ಕಾರ್ಯದರ್ಶಿಯವರು ತರ್ಕ ಹೂಡಿದರು. “ಕಂಪ್ಯೂಟರ್ ಬರೂದು ಆಕಿ ಒಬ್ಬಾಕಿಗೆ. ಅಂದಮ್ಯಾಲೆ ಕೆಡಿಸಿದಾಕಿನೂ ಆಕೀನ.”

ಎಲ್ಲರ ಮುಖದಲ್ಲೂ ಸಮಾಧಾನ ಮೂಡಿತು. ಉಪಾಧ್ಯಕ್ಷರ ಮುಖದಲ್ಲಿ ತುಸು ಹೆಚ್ಚು.

“ನನಗ ತಗಿಯೂ ಅಧಿಕಾರನ ಇರಲಿಲ್ಲಲ್ರಿ” ಎಂದಳು ಸುಮಂಗಲಾ. ತನ್ನ ಕೈಯಲ್ಲಿ ಏನೂ ಇರಲಿಲ್ಲ ಎಂಬುದೊಂದೇ ಆ ಹುಡುಗಿಯ ಸಾಕ್ಷಿ; ಬೆಳಗಿನ ಪರದೆಯ ನಡುವಿನ ಫೋಟೋ ಕೊನೆಗೆ ಬಂದವರನ್ನು ತೋರಿಸೀತು, ಅಳಿಸಿದವರನ್ನಲ್ಲ. ಯಾರು ಕೇಳಬೇಕು? ಕಾರಣ ಕೇಳಿ ನೋಟಿಸು ಕೊಡುವುದು, ಸರಿಯಾದ ಉತ್ತರ ಬಾರದಿದ್ದರೆ ಒಂದನೇ ತಾರೀಖಿನಿಂದ ಕೆಲಸ ಬಿಡಿಸುವುದು ಎಂದು ಠರಾವಾಯಿತು. ಅಧ್ಯಕ್ಷರು ಕರಡು ಬರೆದರು.

ಬರೆದು ಮುಗಿಸಿ ತಲೆ ಎತ್ತಿ ಕೇಳಿದರು, “ಇದನ್ನ ಟೈಪ್ ಮಾಡವ್ರು ಯಾರು?”

ಹತ್ತೊಂಬತ್ತು ತಲೆಗಳು ಒಂದೇ ಕಡೆ ತಿರುಗಿದವು.

“ಮಾಡ್ತೇನ್ರಿ” ಎಂದಳು ಸುಮಂಗಲಾ. “ಆದ್ರ ನನ್ನ ಖಾತೆ ಇಲ್ಲ. ನಿಮ್ಮದ್ರಾಗ ಕುಂತು ಮಾಡ್ಲೇನ್ರಿ?”

“ಛೇ ಛೇ! ನನ್ನ ಖಾತೇದಾಗ ನೀ ಹೆಂಗ ಕುಂಡ್ರತಿ?” ಎಂದರು ಅಧ್ಯಕ್ಷರು, ಯಾರೋ ತಮ್ಮ ತಟ್ಟೆಗೆ ಕೈ ಹಾಕಿದ ಹಾಗೆ. ಉಳಿದವರೂ ಒಪ್ಪಲಿಲ್ಲ. ಹಾಗಾದರೆ ಆಕೆಗೆ ಹೊಸ ಖಾತೆ ತೆರೆಯಬೇಕು. ತೆರೆಯುವುದು ಹೇಗೆ? ಅಧಿಕಾರವಿದ್ದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳಿಗೆ ಅಧಿಕಾರವಿರಲಿಲ್ಲ. ಕೊನೆಗೆ ಎಲ್ಲರೂ ನನ್ನನ್ನು ತಳ್ಳಿದರು. “ಮಾಸ್ತರ, ನೀವು ಮಾಡ್ರಿ. ಆಕಿ ಹೇಳ್ತಾಳ, ನೀವು ಒತ್ರಿ.”

ಆರು ವರ್ಷದಲ್ಲಿ ಸಂಘ ನನ್ನಿಂದ ಕೇಳಿದ ಮೊದಲ ಸೇವೆ ಅದು. ಅಷ್ಟರಲ್ಲಿ ತಿನ್ನಲು ಗಿರಮಿಟ್ಟು, ಬಿಸಿ ಮಿರ್ಚಿ ಬಜಿ ಬಂದವು. ಸಭೆ ಆ ಕಡೆ ತಿರುಗಿತು. ನಾನು ನನ್ನ ಪಾಸ್‌ವರ್ಡ್ ಹೊಡೆದೆ. (ಈಗ ಮರೆಯುವುದಿಲ್ಲ.) ಸುಮಂಗಲಾ ಪಕ್ಕದಲ್ಲಿ ನಿಂತು ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ. ಹೆಸರು ಬರೆದೆ. ಖಾತೆ ತಯಾರಾಯಿತು.

“ಈಗ ಖಾತೆ ಯಾವ ನಮೂನಿದು ಅಂತ ಕೇಳ್ತೈತ್ರಿ” ಎಂದಳು, ಸಣ್ಣ ದನಿಯಲ್ಲಿ. “ಮ್ಯಾಲಿಂದು ಅಡ್ಮಿನ್. ಕೆಳಗಿಂದು ಸ್ಟ್ಯಾಂಡರ್ಡ್.”

ನಾನು ಆಕೆಯ ಮುಖ ನೋಡಿದೆ. ಆಕೆ ಪರದೆ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಉಳ್ಳಾಗಡ್ಡಿ ಕೇಳುತ್ತಿದ್ದರು. ನಾನು ಮೇಲಿನದನ್ನು ಒತ್ತಿದೆ.

ಆಮೇಲೆ ಆಕೆ ಕುರ್ಚಿಯಲ್ಲಿ ಕೂತು ತನ್ನ ಮೇಲಿನ ನೋಟಿಸನ್ನು ಟೈಪ್ ಮಾಡಿದಳು. ಅರ್ಧಕ್ಕೆ ನಿಂತ ವಾಕ್ಯವನ್ನು ಪೂರ್ತಿ ಮಾಡಿದಳು. ಪ್ರಿಂಟ್ ತೆಗೆದು ಅಧ್ಯಕ್ಷರ ಮುಂದಿಟ್ಟಳು, ಅವರು ಎಣ್ಣೆಗೈ ಒರೆಸಿಕೊಂಡು ಸಹಿ ಮಾಡಿದರು. ಆಕೆ ‘ತಲುಪಿದೆ’ ಎಂದು ಬರೆದು ತನ್ನ ಸಹಿ ಹಾಕಿದಳು. ಮತ್ತೆ ಕೂತಳು. ಐದು ನಿಮಿಷದಲ್ಲಿ ಇನ್ನೊಂದು ಹಾಳೆ ಹೊರಬಂತು.

ಕಂಪ್ಯೂಟರ್ ಒಳಗೊಂದು ದಿನಚರಿ ಬರೆದಿಡುತ್ತದೆ. ಯಾರು ಬಂದರು, ಯಾರ ಖಾತೆ ತೆಗೆದರು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲ. ಅದನ್ನು ಓದಲು ಅಡ್ಮಿನ್ ಆಗಿರಬೇಕು. ಹತ್ತೊಂಬತ್ತು ಮಂದಿಗೆ ಅದನ್ನು ಓದುವ ಅಧಿಕಾರವಿತ್ತು, ಅಂಥದೊಂದು ಇದೆ ಎಂಬುದೇ ಗೊತ್ತಿರಲಿಲ್ಲ.

“ನನ್ನ ಉತ್ತರ್ರಿ” ಎಂದು ಸುಮಂಗಲಾ ಹಾಳೆ ಕೊಟ್ಟಳು. ಭಾನುವಾರ ಮಧ್ಯಾಹ್ನ ಮೂರು ಹದಿನೆಂಟು. ಅಳಿಸಿದ ಖಾತೆ: ಸುಮಂಗಲಾ. ಅಳಿಸಿದವರು: ಉಪಾಧ್ಯಕ್ಷರು.

ಉಪಾಧ್ಯಕ್ಷರ ಕೈಯ ಮಿರ್ಚಿ ಅಲ್ಲೇ ನಿಂತಿತು. “ಹೌದ್ರಿ, ಮೆಕ್ಯಾನಿಕ್ ನನ್ನ ಹೆಸರ ಹಾಕೂದನ್ನ ನೋಡಿದ್ದೆ, ಅಲ್ಲೇ ಒತ್ತೀನಿ. ಇಷ್ಟು ಹಿರಿಯರ ಸಾಲಿನ್ಯಾಗ ಕ್ಲರ್ಕ್‌ನ ಹೆಸರ್ಯಾಕ ಅಂತ ಬರೇ ಹೆಸರ ತಗದೇನಿ. ಪಾಟಿ ಮ್ಯಾಲಿಂದು ಒರಸಿದಂಗ. ಅದರ ಹಿಂದ ಅಷ್ಟೆಲ್ಲಾ ಇರ್ತೈತಿ ಅಂತ ನನಗೇನ್ ಗೊತ್ತು?”

‘ಡಿಲೀಟ್ ಅಕೌಂಟ್ ಆ್ಯಂಡ್ ಡೇಟಾ’ ಎಂದು ಬಟನ್ ಮೇಲೇ ಬರೆದಿರುತ್ತದೆ. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ. ಓದಲಿಲ್ಲ, ಯಾಕೆಂದರೆ ಆ ಸಾಲಿನಲ್ಲಿ ಅವರ ಹೆಸರಿರಲಿಲ್ಲ.

ಈಗ ಅವರಿಗೂ ನೋಟಿಸು ಹೋಗುತ್ತದೆ ಎಂದುಕೊಂಡಿರಾ? ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಹೋಗ್ಲಿ ಬಿಡ್ರಿ. ಹಿರಿಯರು, ಕೈತಪ್ಪಿ ಆಗೇತಿ. ಕಂಪ್ಯೂಟರ್ ಅಂದಮ್ಯಾಲೆ ಇವೆಲ್ಲಾ ಆಗೂವ. ನೋಟಿಸ್ ವಾಪಸ್ ತಗೊಂಡೇವಿ. ಆತಲ್ಲವಾ ಸುಮಂಗಲಾ? ಎಲ್ಲಾರಿಗೂ ಚಾ ಕೊಡು.”

ಆಕೆ ಮಾಡಿರಬಹುದು ಎನ್ನುವಾಗ ಅದು ಕೆಲಸದಿಂದ ತೆಗೆಯುವಷ್ಟು ದೊಡ್ಡ ಅಪರಾಧವಾಗಿತ್ತು. ಅವರು ಮಾಡಿದ್ದು ಎಂದು ಗೊತ್ತಾದ ಮೇಲೆ ಕೈತಪ್ಪು. ನನಗೆ ವಿಪರೀತ ಸಿಟ್ಟು ಬಂತು. ಎದ್ದು ನಿಂತು ನಾಲ್ಕು ಮಾತು ಆಡಬೇಕಿತ್ತು. ಆಡಲಿಲ್ಲ. ನನ್ನ ಕೈಯಲ್ಲೂ ಮಿರ್ಚಿ ಇತ್ತು.

ಮರುವಾರ ಸುಮಂಗಲಾ ಚೌಕಳಿ ಹಾಳೆಯ ಕಟ್ಟು ಹಿಡಿದು ಮುಂಡರಗಿಗೆ ಹೊರಟಳು. ನಾಚಿಕೆಗೆ ನಾನೂ ಜೊತೆಗೆ ಹೋದೆ. ಅಜ್ಜ ಬೈಯಲಿಲ್ಲ. ಕನ್ನಡಕ ಹಾಕಿ, ಗೋಡೆಗೆ ಒರಗಿ ಕೂತು, ಪೆನ್ಸಿಲ್ ಹಿಡಿದ. ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದ, ಕಣ್ಣು ತೆರೆದು ಮನೆ ತುಂಬುತ್ತಿದ್ದ. ಸಂಜೆಯವರೆಗೆ ನಾಲ್ಕು ಅಂಚು ಬಂದವು. ಐದನೆಯದಕ್ಕೆ ಪೆನ್ಸಿಲ್ ನಿಂತಿತು. ಬಹಳ ಹೊತ್ತು ಕಾದೆವು. ಬರಲಿಲ್ಲ.

“ಕಂಪ್ಯೂಟರೂ ಮರೀತೈತೇನವಾ?” ಎಂದು ಕೇಳಿದ.

“ಇಲ್ಲಜ್ಜಾ. ಅದೇನೂ ಮರಿಯೂದಿಲ್ಲ” ಎಂದಳು ಸುಮಂಗಲಾ. “ಯಾರಿಗೆ ಅಧಿಕಾರ ಐತೋ ಅವ್ರ ಮಾತ ಕೇಳ್ತೈತಿ.”

ಐದು ಅಂಚು ಹೋದವು. ಯಾರೂ ಅವನ್ನು ಇನ್ನು ನೇಯುವುದಿಲ್ಲ.

ಮರುದಿನ ನಾನು ಕಚೇರಿಗೆ ಹೋದಾಗ ಸುಮಂಗಲಾ ಖಾತೆಗಳ ಪಟ್ಟಿ ತೆಗೆದು ಕೂತಿದ್ದಳು. ಒಂದೊಂದು ಹೆಸರಿಗೂ ಹೋಗುತ್ತಿದ್ದಳು, ಅಡ್ಮಿನ್ ಇದ್ದದ್ದನ್ನು ಸ್ಟ್ಯಾಂಡರ್ಡ್ ಮಾಡುತ್ತಿದ್ದಳು. ಅಧ್ಯಕ್ಷರು ಆದರು. ಕಾರ್ಯದರ್ಶಿ ಆದರು. ಖಜಾಂಚಿ ಮೀಸೆ ಸಮೇತ ಆದರು. ಉಪಾಧ್ಯಕ್ಷರು, ಹಾಲಿ ಮತ್ತು ಮಾಜಿ. ಹದಿನೆಂಟು ಮುಗಿಸಿ ನನ್ನ ಕಡೆ ತಿರುಗಿದಳು.

“ನಿಮ್ದೂ ತಗೀಲೇನ್ರಿ ಮಾಸ್ತರ್ರ?”

ಸುಳ್ಳು ಹೇಳುವುದಿಲ್ಲ. ಜೀವನದಲ್ಲಿ ಎರಡೇ ಸಲ ಬಳಸಿದ ಅಧಿಕಾರ. ಅದರಿಂದ ನನಗೆ ನಯಾಪೈಸೆ ಉಪಯೋಗವಿರಲಿಲ್ಲ. ಆದರೂ ಬಿಡಲು ಮನಸ್ಸಿರಲಿಲ್ಲ. ನಾನೂ ಆ ಹದಿನೆಂಟು ಮಂದಿಯ ಪೈಕಿಯವನೇ ಎಂದು ಗೊತ್ತಾದದ್ದು ಆಗ. ನಿಮ್ಮ ಮನೆಯ ಕಪಾಟಿನ ಕೀಲಿ ಯಾರ ಹತ್ತಿರ ಇದೆ, ಕಪಾಟು ಒರೆಸಿ ಇಡುವವರು ಯಾರು ಎಂದು ಯೋಚಿಸಿದರೆ ನಿಮಗೂ ಗೊತ್ತಾದೀತು.

“ತಗೀ” ಎಂದೆ, ಆಸ್ತಿಯನ್ನೆಲ್ಲ ದಾನ ಮಾಡಿದವನ ಮುಖ ಮಾಡಿಕೊಂಡು.

“ಚಿಂತಿ ಮಾಡಬ್ಯಾಡ್ರಿ, ಫೋಟೋ ಇರ್ತೈತಿ” ಎಂದಳು. ಆ ವಾರದಲ್ಲಿ ಆಕೆ ನಕ್ಕಿದ್ದು ಅದೇ ಮೊದಲು.

ಹೌದು, ಫೋಟೋಗಳು ಹಾಗೇ ಇವೆ. ಹೆಸರುಗಳು, ರುಮಾಲು, ಶಾಲು, ಮೀಸೆ ಎಲ್ಲ ಇದ್ದಲ್ಲೇ ಇವೆ. ಅಧ್ಯಕ್ಷರು ಈಗಲೂ ಸಂಜೆ ಐದೂವರೆಗೆ ಬಂದು, ಒಂದೇ ಬೆರಳಲ್ಲಿ ಪಾಸ್‌ವರ್ಡ್ ಹೊಡೆದು, ಒಳಗೆ ಹೋಗಿ, ಬಂದ್ ಮಾಡುತ್ತಾರೆ. ಮರುದಿನ ಬೆಳಿಗ್ಗೆ ಪರದೆಯ ನಡುವೆ ಅವರದೇ ಮುಖ. ಎರಡು ತಿಂಗಳಾಯಿತು. ತಮ್ಮ ಅಧಿಕಾರ ಹೋಗಿದೆ ಎಂದು ಹದಿನೆಂಟರಲ್ಲಿ ಒಬ್ಬರಿಗೂ ಗೊತ್ತಾಗಿಲ್ಲ. ಇದ್ದಾಗ ಅದರಿಂದ ಏನಾದರೂ ಮಾಡಿದ್ದರಲ್ಲವೇ, ಹೋದಾಗ ಗೊತ್ತಾಗಲು? ಮಾಡಿದವರು ಒಬ್ಬರೇ, ಅವರು ಮಾಡಿದ್ದು ಏನೆಂದು ನೋಡಿದಿರಿ. ನಕ್ಷೆಗಳು ಈಗ ಮುನ್ನೂರ ಮೂವತ್ತು ದಾಟಿವೆ. ಸ್ಕ್ಯಾನರಿಗೆ ಏನು ಬೇಕಾದರೂ ಸುಮಂಗಲಾ ತಾನೇ ಹಾಕಿಕೊಳ್ಳುತ್ತಾಳೆ.

“ನೀವು ಇದನ್ನ ಪೇಪರಿನ್ಯಾಗ ಬರದ್ರ ಅವ್ರಿಗೆ ಗೊತ್ತಾಗೂದಿಲ್ಲೇನ್ರಿ?” ಎಂದು ಆಕೆ ಮೊನ್ನೆ ಕೇಳಿದಳು. ಹೆದರಬೇಡ ಎಂದೆ. ಅವರು ಪತ್ರಿಕೆಯ ಮೇಲೆ ಬೆರಳು ಓಡಿಸುವ ಪರಿ ನನಗೆ ಗೊತ್ತಿಲ್ಲವೇ?

ನೀವೇ ಇನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಅವರಲ್ಲಿ ಒಬ್ಬರ ಹೆಸರನ್ನಾದರೂ ಹಾಕಿದ್ದೇನೆಯೇ?